ದಿನಾ ದ್ವಾದಶಿಯ ಕಂಪ್ಯೂಟರು

ನಮ್ಮ ಟೈಪಿಂಗ್ ಆಚಾರ್ರಿಗೆ ನಿಮ್ಮ ಹುಲಿಗಿ ಮಾಡುವ ನಮಸ್ಕಾರಗಳು.

ಕ್ಷೇಮ ಕೇಳುವ ಸಾಲನ್ನು ಬರೆದು ಹೊಡೆದು ಹಾಕಿದೆ. ತಹಸೀಲ್ದಾರರಿಗೆ ಹೇಗೆ ಬರೆಯಬೇಕು, ಬೀಗರಿಗೆ ಹೇಗೆ, ಕರೆಂಟಿನ ಆಫೀಸಿಗೆ ಹೇಗೆ ಎಂದು ಎಲ್ಲ ಹೇಳಿಕೊಟ್ಟಿರಿ. ತೀರಿಹೋದವರ ಕ್ಷೇಮವನ್ನು ಹೇಗೆ ಕೇಳಬೇಕೆಂದು ಮಾತ್ರ ಹೇಳಿಕೊಡಲಿಲ್ಲ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನೀವು ಹೋದ ಹದಿನೆಂಟನೆಯ ದಿನಕ್ಕೆ ನಿಮ್ಮ ಕಂಪ್ಯೂಟರನ್ನು ನಾನು ಫ್ಯಾಕ್ಟರಿಗೆ ಕಳಿಸಿಬಿಟ್ಟೆ. ಗಾಬರಿಯಾಗಬೇಡಿ, ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಗಲ್ಲ. ಪೆಟ್ಟಿಗೆ ನಿಮ್ಮ ಮೇಜಿನ ಮೇಲೆಯೇ ಇದೆ. ಆದರೆ ಅದರೊಳಗೆ ಇದ್ದದ್ದೆಲ್ಲ... ಸಾವಕಾಶವಾಗಿ ಹೇಳುತ್ತೇನೆ. ಈಗ ನಿಮಗೂ ಅವಸರವಿಲ್ಲವಲ್ಲ?

ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದದ್ದು ನೆನಪಿದೆಯೇ? ನಮ್ಮಪ್ಪ ಚೋರನೂರಿನಿಂದ ಬಂದು ಇಲ್ಲಿ ಗಣಿಯಲ್ಲಿ ಅದಿರು ಆರಿಸುವ ಕೆಲಸಕ್ಕೆ ಸೇರಿದ್ದ. ನಾಲ್ಕನೇ ತರಗತಿ ಮುಗಿಸಿದ ನಾನೂ ಅವನ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ರೇಷನ್ ಕಾರ್ಡಿನ ಅರ್ಜಿ ಬರೆಸಲು ಅಪ್ಪನ ಹಿಂದೆ ಬಂದವಳು, ನೀವು ಟೈಪು ಮಾಡಿ ಕೊಟ್ಟ ಹಾಳೆಯ ಮೇಲೆ ಸುಮ್ಮನೆ ಬೆರಳಿಟ್ಟೆ. ‘ಮಕ್ಕಳು’ ಎಂಬಲ್ಲಿ ‘ಮಕ್ಕಲು’ ಎಂದಾಗಿತ್ತು. ನೀವು ಕನ್ನಡಕ ತೆಗೆದು ನನ್ನನ್ನು ನೋಡಿದಿರಿ.

“ಏನು ಓದಿದಿ?”

“ನಾಲ್ಕನೇತ್ತರಿ.”

“ಹೆಸರು?”

“ಹುಲಿಗೆಮ್ಮರಿ.”

ನನ್ನ ದನಿ ನನಗೇ ಕೇಳಿಸಿರಲಿಲ್ಲ. “ಹೆಸರು ಹುಲಿ, ದನಿ ಇಲಿ,” ಎಂದು ನಕ್ಕಿರಿ. ಮುಂದಿನ ಸೋಮವಾರದಿಂದ ಮೌಸು ನನ್ನ ಕೈಗೆ ಬಂತು. ಬಂದವರಿಗೆಲ್ಲ “ನೋಡ್ರಿ, ಹುಲಿ ಕೈಯಾಗ ಇಲಿ” ಎಂದು ತೋರಿಸುತ್ತಿದ್ದಿರಿ. ಆ ಒಂದು ಮಾತನ್ನು ಐದು ವರ್ಷ ಹೇಳಿದಿರಿ ಆಚಾರ್ರೇ. ಒಂದು ದಿನವಾದರೂ ನಿಮಗೆ ಬೇಸರ ಬರಲಿಲ್ಲವೇ?

ಇಂಗ್ಲಿಷ್ ಬರುವುದಿಲ್ಲವೆಂದು ನಾನು ಅತ್ತ ದಿನವೂ ನೆನಪಾಗುತ್ತದೆ. ತೆರೆಯ ಮೇಲೆ ಬರುವುದೆಲ್ಲ ಇಂಗ್ಲಿಷು. ನೀವು ಹೇಳಿದಿರಿ, “ಓದಬ್ಯಾಡ, ಮುಖ ನೋಡಿ ಗುರ್ತು ಹಿಡಿ. ಸಂಡೂರಿನ ಮಂದೀನ್ನ ಹೆಸರು ಓದಿ ಗುರ್ತು ಹಿಡೀತಿಯೇನು?” ಅಂದಿನಿಂದ ಸೊನ್ನೆಯ ಪಕ್ಕ ಕಾಲು ಚಾಚಿ ನಿಂತವನು ‘ಓಕೆ’. ಮೂರು ಅಕ್ಷರದವನು ಹೌದು, ಎರಡು ಅಕ್ಷರದವನು ಅಲ್ಲ. ಉದ್ದನೆಯವನು ಬಂದರೆ ನಿಮ್ಮನ್ನು ಕರೆಯಬೇಕು. ಇಷ್ಟರಲ್ಲೇ ನನ್ನ ಸಂಸಾರ ನಡೆದಿತ್ತು. ಉದ್ದನೆಯವನು ಬಂದು ನೀವು ಇಲ್ಲದ ದಿನ ಏನು ಮಾಡಬೇಕೆಂದು ನಾನೂ ಕೇಳಲಿಲ್ಲ, ನೀವೂ...

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೀವು ಮಾಡುತ್ತಿದ್ದ ಮೊದಲ ಕೆಲಸ ನನಗೆ ಪೂಜೆಯಂತೆಯೇ ಕಾಣುತ್ತಿತ್ತು. ತೆರೆಯ ಮೂಲೆಯಲ್ಲಿ ಗಡಿಯಾರದ ಮೇಲೆ ಎರಡು ಸಲ ಒತ್ತಿ, ದಿನಾಂಕವನ್ನು ಹಿಂದಕ್ಕೆ ತಿರುಗಿಸಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಿರಿ. ಕೇಳಿದ್ದಕ್ಕೆ, “ಈ ಕನ್ನಡದ ಸಾಫ್ಟ್‌ವೇರು ಮೂವತ್ತು ದಿನ ಪುಕ್ಕಟೆ ಅದ. ಮೂವತ್ತೊಂದನೇ ದಿನ ಬಾಯಿ ಮುಚ್ಚತದ. ಅದಕ್ಕ ಮೂವತ್ತೊಂದನೇ ದಿನ ಬರ್ಲಿಕ್ಕೇ ಬಿಡಬಾರ್ದು” ಎಂದಿರಿ. ಅದನ್ನು ಹಾಕಿದ್ದು ಒಂದು ದ್ವಾದಶಿಯ ದಿನವಂತೆ. ಹಾಗಾಗಿ ದಿನವೂ ಅದೇ ದ್ವಾದಶಿ. ಏಕಾದಶಿಗೆ ನೀವು ನೀರೂ ಮುಟ್ಟದೆ ಒಣಗಿದ ಮುಖದಲ್ಲಿ ಕೂತಿದ್ದರೂ, “ನಮಗ ಉಪವಾಸ ಇರ್ಲಿ, ಇದಕ್ಕ ಮಾತ್ರ ದಿನಾ ದ್ವಾದಶಿ” ಎಂದು ಪೆಟ್ಟಿಗೆಯನ್ನು ತಟ್ಟುತ್ತಿದ್ದಿರಿ. ಊರಿಗೆಲ್ಲ ಐದು ವರ್ಷ ವಯಸ್ಸಾಯಿತು. ಗುಡ್ಡ ಅರ್ಧ ಕರಗಿತು, ಲಾರಿ ಹತ್ತು ಪಟ್ಟಾದವು, ಸೈಕಲ್ಲಿನವರೆಲ್ಲ ಕಾರಿನವರಾದರು. ನಿಮ್ಮ ಕಂಪ್ಯೂಟರು ಅದೇ ಪಾರಣೆಯ ದಿನದಲ್ಲಿ ಉಂಡು ಕೂತಿತ್ತು.

“ನೀರು ಕುಡಿದು ಬರ್ತೀನಿ, ಆ ಲಗ್ನಪತ್ರಿಕೆ ಮುಗಿಸು” ಎಂದು ನೀವು ಎದ್ದು ಒಳಗೆ ಹೋದದ್ದೇ ಕೊನೆ. ಅದನ್ನು ನಾನು ಹೆಚ್ಚು ಬರೆಯುವುದಿಲ್ಲ. ಲಗ್ನಪತ್ರಿಕೆ ಮುಗಿಸಿದೆ. ತಪ್ಪಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಹೊಸಪೇಟೆಯಿಂದ ಬಂದಿದ್ದ, ನಿಮ್ಮ ಮನೆಯವರಾದ ಪದ್ಮಕ್ಕನ ಅಣ್ಣ ಗೋವಿಂದರಾಯರು ಅಂಗಡಿಯ ಕೋಣೆಯಲ್ಲಿ ನಿಂತು ನಾಲ್ಕೂ ಗೋಡೆ ನೋಡಿದರು. ನಾನು ಮೂಲೆಯಲ್ಲಿದ್ದೆ. ನಾನಿರುವುದು ಸಾಮಾನ್ಯವಾಗಿ ಯಾರಿಗೂ ಕಾಣುವುದಿಲ್ಲ, ನಿಮಗೆ ಗೊತ್ತಲ್ಲ.

“ಪದ್ದೀ, ಈ ಊರಾಗ ಮಂದಿಗಿಂತ ಲಾರಿ ಹೆಚ್ಚು ಅವ. ಟೈಪಿಂಗ್ ಯಾರಿಗೆ ಬೇಕು? ಟೈರು ಎಲ್ಲಾರಿಗೂ ಬೇಕು. ಟೈರಿನ ಅಂಗಡಿಯವ ಕೇಳ್ಯಾನ, ಮಾತು ಕೊಟ್ಟುಬಿಡ್ತೀನಿ.”

ನಿಮ್ಮ ಪದ್ಮಕ್ಕ ಅಣ್ಣನಿಗೆ ಹುಟ್ಟಿದಾಗಿನಿಂದ ಎದುರಾಡಿದವರಲ್ಲ. ಸೆರಗು ಎಳೆದುಕೊಂಡು, “ಮಾಸಿಕ ಆಗ್ಲಿ ಅಣ್ಣಾ. ಅಷ್ಟೊತ್ತಿಗೆ ಈ ಹುಡುಗಿ ಅಂಗಡಿ ನಡೆಸಿದ್ರ ನೋಡೋಣಂತ” ಎಂದರು.

“ಯಾವ ಹುಡುಗಿ?” ಎಂದರು ಗೋವಿಂದರಾಯರು.

ನನಗೆ ಉಳಿದದ್ದು ಮೊದಲ ತಿಂಗಳ ಮಾಸಿಕದವರೆಗಿನ ದಿನಗಳು. ಆಮೇಲೆ ಕೋಣೆಯೂ ಹೋಗುತ್ತದೆ, ನಾನು ಮತ್ತೆ ಬುಟ್ಟಿ ಹಿಡಿದು ಗಣಿಗೆ. ಅಲ್ಲಿ ಕಲ್ಲುಗಳಲ್ಲಿ ಒಂದು ಅಕ್ಷರವೂ ಇರುವುದಿಲ್ಲ ಆಚಾರ್ರೇ.

ಇಂಥ ಹೊತ್ತಿನಲ್ಲಿ ಲಾರಿ ಆಫೀಸಿನವನೊಬ್ಬ ಬಂದು ಪೆನ್‌ಡ್ರೈವ್ ಚುಚ್ಚಿದ. ಒಂದು ಪಟ್ಟಿ ಪ್ರಿಂಟು ಬೇಕಿತ್ತಂತೆ. ಚುಚ್ಚಿದ ಗಳಿಗೆಯೇ ಸರಿಯಿಲ್ಲ, ಇಡೀ ತೆರೆ ಇಂಗ್ಲಿಷಿನ ಉದ್ದನೆಯವರಿಂದ ತುಂಬಿ ನಿಂತುಬಿಟ್ಟಿತು. ನಿಮ್ಮ ಡೈರಿಯಲ್ಲಿ ಹುಡುಕಿ, ಹೊಸಪೇಟೆಯ ರಿಪೇರಿ ಮಲ್ಲೇಶಣ್ಣನಿಗೆ ಫೋನು ಹಚ್ಚಿದೆ. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಬಾವಿಗೆ ಇಳಿದಂತೆ.

“ಹಲೋ, ಯಾರು? ಅಂಗಡಿ ಹುಡುಗಿಯೇನು? ಹ್ಞೂಂ ಅನ್ನು, ತಲಿ ಅಲ್ಲಾಡ್ಸಿದ್ರ ನನಗೇನು ಕಾಣತೈತಾ?”

ಅವನಿಗೆ ಹೇಗೆ ಗೊತ್ತಾಯಿತೋ, ನಾನು ತಲೆ ಅಲ್ಲಾಡಿಸುತ್ತಲೇ ಇದ್ದೆ. ಪೆನ್‌ಡ್ರೈವ್ ಚುಚ್ಚಿದ್ದನ್ನು ಮಾತ್ರ ಹೇಗೋ ಎರಡು ಮಾತಿನಲ್ಲಿ ಹೇಳಿದೆ.

“ವೈರಸ್ ಹೊಕ್ಕೈತಿ. ಒಂದ ದಾರಿ. ಫ್ಯಾಕ್ಟರಿಯಿಂದ ಬಂದಾಗ ಹೆಂಗಿತ್ತೋ ಹಂಗ ಮಾಡಿಬಿಡಬೇಕು. ಅದರಾಗ ಬೇಕಾದ್ದು ಏನರ ಐತೇನು?”

ಇದೆಯೆಂದು ಜೋರಾಗಿ ತಲೆ ಅಲ್ಲಾಡಿಸಿದೆ.

“ಸುಮ್ಮನಿದ್ದಿ ಅಂದ್ರ ಇಲ್ಲ ಅಂತ ತಿಳ್ಕಂತೀನಿ. ಬಂದ್ ಮಾಡಿ ಚಾಲೂ ಮಾಡು. ಕೇಳಿದಾಗೆಲ್ಲ ಮೂರಕ್ಷರದವನ್ನ ಒತ್ತು.”

ಒತ್ತಿದೆ. ಹೌದು, ಹೌದು, ಹೌದು. ನಿಮ್ಮ ಅರ್ಜಿ ನಮೂನೆಗಳು, ಜಾತಕಗಳು, ಮೂರು ತಾಲ್ಲೂಕಿನ ಲಗ್ನಪತ್ರಿಕೆಗಳು, ಎಲ್ಲದಕ್ಕೂ ನಾನೇ ಹೌದೆಂದೆ. ಒಳಗಿನಿಂದ ಪದ್ಮಕ್ಕ ಓಡಿಬಂದರು. ಫೋನಿನಲ್ಲಿ ಮಲ್ಲೇಶಣ್ಣ ಕೂಗಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಮಾತು.

“ಫ್ಯಾಕ್ಟರಿಗೇನ? ಅವರ ಕಂಪ್ಯೂಟರ್ ತೋರಣಗಲ್ಲಿಗೆ ಯಾಕ ಕಳಸ್ತಿ? ಅಲ್ಲೆ ಕುಲುಮಿಗೆ ಹಾಕಿ ತಗಡು ಮಾಡ್ತಾರ ಹುಚ್ಚೀ!”

ಇಲ್ಲ, ಇಲ್ಲೇ ಇರುತ್ತದೆ, ಇದ್ದಲ್ಲೇ ಫ್ಯಾಕ್ಟರಿಗೆ ಹೋಗಿ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಇದ್ದಲ್ಲೇ ಕಾಶಿ ಯಾತ್ರಿ ಮಾಡಿದಂಗ” ಎಂದು ಒಪ್ಪಿಕೊಂಡರು.

ಹೋಗಿ ಬಂದ ಕಂಪ್ಯೂಟರು ನುಣ್ಣಗೆ ತಲೆ ಬೋಳಿಸಿದ ಕೂಸಿನ ಹಾಗಿತ್ತು. ಯಾರ ಗುರುತೂ ಇಲ್ಲ. ನೀವು ಮೊದಲ ವರ್ಷ ಹಾಕಿಸಿದ್ದ ಅಪ್‌ಡೇಟುಗಳಿಲ್ಲ, ಕನ್ನಡ ಇಲ್ಲ. ಗಡಿಯಾರ ಮಾತ್ರ ಫ್ಯಾಕ್ಟರಿಗೆ ಹೋಗುವುದಿಲ್ಲವಂತೆ. ಹಿಂದಿನ ದಿನ ನಾನು ಇಟ್ಟಲ್ಲಿಂದಲೇ ಎಣಿಸುತ್ತಿತ್ತು. ಹ್ಞಾಂ, ಅದನ್ನು ಹೇಳಲು ಮರೆತೆ. ನೀವು ಹೋದ ಮೇಲೂ ದ್ವಾದಶಿಯನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ನಿಮ್ಮ ಫೋಟೋಕ್ಕೆ ಹೂವು, ಕಂಪ್ಯೂಟರಿಗೆ ದ್ವಾದಶಿ. ಫ್ಯಾಕ್ಟರಿಯಿಂದ ಬಂದ ಕೂಡಲೇ ಮೊದಲು ಮಾಡಿದ ಕೆಲಸವೂ ಅದೇ. ನನ್ನ ನಿಷ್ಠೆ ನೋಡಿ ನನಗೇ ಹೆಮ್ಮೆಯಾಗಿತ್ತು.

ಕನ್ನಡದ ಸಿ.ಡಿ. ಹುಡುಕಿದೆ. ಬೀರು, ಟ್ರಂಕು, ಹಳೆಯ ಪಂಚಾಂಗಗಳ ಕಟ್ಟು, ಎಲ್ಲೂ ಇಲ್ಲ. ಮಲ್ಲೇಶಣ್ಣನಿಗೆ ಮತ್ತೆ ಫೋನು.

“ಸಿ.ಡಿ. ಹೋದ್ರ ಹೋಗ್ಲಿ ಬಿಡು. ಈಗ ಹೊಸ ಅಪ್‌ಡೇಟಿನಾಗನ ಕನ್ನಡ ಬರತೈತಿ. ನೆಟ್ ಐತಲ್ಲ? ಅಪ್‌ಡೇಟ್ ಹಾಕು, ಮುಗೀತು.”

ಮುಗಿಯಲಿಲ್ಲ. ಕೆಲಸ ಎಷ್ಟಾಯಿತೆಂದು ತೆರೆಯ ಮೇಲೆ ತೋರಿಸುವ ಹಸಿರು ಗೆರೆ ಇಷ್ಟಿಷ್ಟೇ ಹೊರಟು, ನಡುವೆ ನಿಂತು, ಘಾಟಿಯಲ್ಲಿ ಎದುರು ಲಾರಿ ಕಂಡ ಬಸ್ಸಿನ ಹಾಗೆ ಪೂರಾ ಹಿಂದಕ್ಕೆ ಬರುತ್ತಿತ್ತು. ಬಂದ್ ಮಾಡಿ ಚಾಲೂ ಮಾಡು ಎಂದ ಮಲ್ಲೇಶಣ್ಣ. ಮಾಡಿದೆ. ಮತ್ತೆ ಮಾಡು ಎಂದ. ಏಳು ಸಲ ಮಾಡಿದೆ. ವೈರು ಕಿತ್ತು ಹಾಕು ಎಂದ. ಕಿತ್ತು ಹಾಕಿದೆ. ಪೆಟ್ಟಿಗೆ ಬಿಚ್ಚಿ ಧೂಳು ಹೊಡೆ ಎಂದ. ಬಿಚ್ಚಿದರೆ ಒಳಗೆ ಬೊಗಸೆ ತುಂಬ ಕೆಂಪು ಮಣ್ಣು, ಫ್ಯಾನು ಗಣಿಯಿಂದ ಎದ್ದು ಬಂದ ಕೂಲಿಯವನ ಹಾಗೆ ಕೂತಿತ್ತು. ಪದ್ಮಕ್ಕ ಬಾಗಿಲಲ್ಲಿ ನಿಂತು, “ಇಷ್ಟು ಅದಿರು ಅದ, ಸಾಗಸ್ಲಿಕ್ಕೆ ಪರ್ಮಿಟ್ ತಗೀಬೇಕೇನು ಮತ್ತ?” ಎಂದರು. ಧೂಳು ಹೋಯಿತು, ಹಸಿರು ಗೆರೆ ಮತ್ತೆ ಹಿಂದಕ್ಕೇ ಬಂತು.

“ಕೆಳಗ ಏನರ ನಂಬರ್ ಬರತೈತೇನು? ಓದು,” ಎಂದ ಮಲ್ಲೇಶಣ್ಣ.

“ಸೊನ್ನೆ, ಆಮ್ಯಾಲೆ ಇಂಟು, ಆಮ್ಯಾಲೆ ಎಂಟು...”

“ಹ್ಞಾಂ, ಮುಂದ?”

“ಅಣ್ಣಾ, ಸೊನ್ನೆ ಇಂಟು ಎಂಟು ಅಂದ್ರ ಸೊನ್ನೇನ ಅಲ್ಲೇನ್ರಿ? ಅದಕ್ಕಿಂತ ಮುಂದ ಏನಿದ್ರೂ ಸೊನ್ನೇನ.”

“ತಂಗೀ, ಅದು ಗುಣಾಕಾರ ಅಲ್ಲ, ಅದು ಎಕ್ಸು,” ಎಂದ ಮಲ್ಲೇಶಣ್ಣ. “ಲೆಕ್ಕ ಸರಿ ಮಾಡೀದಿ, ಕಂಪ್ಯೂಟರ್ ಆಗಲಿಲ್ಲ. ನಾನು ಬರಬೇಕಂದ್ರ ಮುಂದಿನ ವಾರ.” ಮುಂದಿನ ವಾರ ಯಾರಿಗೆ ಬೇಕು? ಮಾಸಿಕ ನಾಳಿದ್ದಿತ್ತು.

ಮಾಸಿಕದ ದಿನ ಕಂಪ್ಲಿಯಿಂದ ಪುರೋಹಿತರು ಬಂದರು. ನಿಮಗೆ ಮಕ್ಕಳಿಲ್ಲದ್ದರಿಂದ ಪದ್ಮಕ್ಕನ ಪರವಾಗಿ ಗೋವಿಂದರಾಯರೇ ದರ್ಭೆ ಹಿಡಿದು ಕೂತರು. ಮಡಿ ಇದ್ದುದರಿಂದ ನಾನು ಯಾವತ್ತಿನ ಹಾಗೆ ನಡುಮನೆಯ ಕಿಟಕಿಯ ಹೊರಗೆ. ಪುರೋಹಿತರು ಸಂಕಲ್ಪ ಶುರು ಮಾಡಿದರು. ಸಂವತ್ಸರ ಹೇಳಿದರು, ದಕ್ಷಿಣಾಯನ ಹೇಳಿದರು, ಋತು, ಮಾಸ ಹೇಳಿದರು, “ಶುಕ್ಲ ಪಕ್ಷೇ” ಎಂದರು. ಅಡುಗೆಮನೆಯಿಂದ ಪದ್ಮಕ್ಕನ ದನಿ ಬಂತು.

“ಕೃಷ್ಣ ಪಕ್ಷರೀ!”

“ಹೌದಲ್ಲ... ಹದಿನೈದು ದಿನ ಅದನ್ನೇ ಹೇಳಿ ನಾಲಿಗೆ ರೂಢಿಗೆ ಬಿದ್ದದ ತಾಯಿ.”

“ನಾಲಿಗೆ ರೂಢಿ ಆದ್ರ ಆತೇನು? ದಿನ ತಪ್ಪು ಹೇಳಿದ್ರ ನೀವು ಕಳಿಸಿದ್ದು ಅವರಿಗೆ ಹೆಂಗ ಮುಟ್ಟತದ? ಬಾಗಿಲದಾಗ ನಿಂತೋರು ಗಂಟು ವಾಪಸ್ ಕಳಸ್ತಾರ!”

ದಿನ ತಪ್ಪು ಹೇಳಿದರೆ ಮುಟ್ಟುವುದಿಲ್ಲ. ನಾನು ಹನ್ನೆರಡು ದಿನದಿಂದ ಅಪ್‌ಡೇಟು ಕೇಳುತ್ತಿದ್ದದ್ದು ಯಾವ ದಿನದಿಂದ? ಐದು ವರ್ಷ ಹಿಂದಿನ ದ್ವಾದಶಿಯಿಂದ. ಬಾಗಿಲಲ್ಲಿ ನಿಂತವರು ನನ್ನ ಗಂಟನ್ನು ನಂಬುವುದಾದರೂ ಹೇಗೆ?

ಮನೆ ಸುತ್ತಿ ಅಂಗಡಿಗೆ ಓಡಿದೆ. ಮೂಲೆಯ ಗಡಿಯಾರದ ಮೇಲೆ ಎರಡು ಸಲ ಒತ್ತಿದೆ. ಗೋಡೆಯ ಕ್ಯಾಲೆಂಡರ್ ನೋಡಿ ತಿಂಗಳು, ವರ್ಷ, ದಿನ ತಿದ್ದಿದೆ. ಆಮೇಲೆ ಓಕೆ ಒತ್ತಲು ಬೆರಳು ಬರಲಿಲ್ಲ. ಆ ದ್ವಾದಶಿಯಲ್ಲಿ ನೀವಿದ್ದಿರಿ ಆಚಾರ್ರೇ. ಈ ಸರಿಯಾದ ದಿನಾಂಕದಲ್ಲಿ... ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಕಣ್ಣು ಮುಚ್ಚಿ ಒತ್ತಿದೆ. ನಿಮ್ಮ ಪೆಟ್ಟಿಗೆಗೆ ಒಂದೇ ಏಟಿಗೆ ಐದು ವರ್ಷ ವಯಸ್ಸಾಯಿತು. ಹಸಿರು ಗೆರೆ ಹೊರಟಿತು, ನಡುವೆ ನಿಲ್ಲಲಿಲ್ಲ, ಆದರೆ ಎತ್ತಿನ ಬಂಡಿಯ ನಡಿಗೆ. ಮುಗಿಯಲು ಮಧ್ಯಾಹ್ನ ದಾಟುವ ಹಾಗಿತ್ತು. ಗೋವಿಂದರಾಯರಿಗೆ ಮೂರು ಗಂಟೆಯ ಬಸ್ಸು. ಅಷ್ಟರೊಳಗೆ ಟೈರಿನವನಿಗೆ ಕೀಲಿ ಕೊಟ್ಟು ಹೋಗುತ್ತೇನೆಂದು ಬೆಳಿಗ್ಗೆಯೇ ಹೇಳಿದ್ದರು.

ತಿರುಗಿ ಬಂದಾಗ ಹಿತ್ತಲಲ್ಲಿ ಎಲ್ಲರೂ ಆಕಾಶ ನೋಡುತ್ತ ನಿಂತಿದ್ದರು. ಕಾಗೆಗೆ ಎಡೆ ಇಟ್ಟಾಗಿತ್ತು. ಬಾಳೆ ಎಲೆಯ ಮೇಲೆ ಅನ್ನದ ಉಂಡೆ, ಎಳ್ಳು. ಬೇವಿನ ಗಿಡದಲ್ಲಿ ಆರೇಳು ಕಾಗೆಗಳು ಕೂತಿದ್ದವು, ಒಂದೂ ಕೆಳಗಿಳಿಯಲಿಲ್ಲ. ಇಳಿಯುವಂತೆ ಮಾಡಿ, ಬೆಚ್ಚಿ, ಮತ್ತೆ ಮೇಲೆ.

“ಏನೋ ಆಸೆ ಉಳಿದದ,” ಎಂದರು ಪುರೋಹಿತರು. “ಏನಿತ್ತು ನೆನಪು ಮಾಡಿಕೊಂಡು ಮಾತು ಕೊಡ್ರಿ.”

ಪದ್ಮಕ್ಕ ಕೈ ಮುಗಿದರು. “ಕೊಬ್ಬರಿ ಮಿಠಾಯಿ ಮಾಡಿ ಹಂಚ್ತೀನಿ.” ಕಾಗೆ ಬರಲಿಲ್ಲ. “ಮುಂದಿನ ವರ್ಷ ಗಯಾಕ್ಕ ಹೋಗಿ ಬರ್ತೀನಿ.” ಇಲ್ಲ. “ನಿಮ್ಮ ಹಳೇ ಛತ್ರಿ ಒಗ್ಯಾಂಗಿಲ್ಲ.” ಒಂದು ಕಾಗೆ ಕತ್ತು ವಾರೆ ಮಾಡಿ ನೋಡಿತು, ಅಷ್ಟೇ.

ಎಲ್ಲರೂ ಕಾಗೆ ನೋಡುವಾಗ ನಾನು ಕಾಗೆಗಳು ನೋಡುತ್ತಿದ್ದ ಕಡೆಗೆ ನೋಡಿದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ದಾರದಲ್ಲಿ ಏನೋ ತೂಗಾಡುತ್ತಿತ್ತು. ಗಾಳಿಗೆ ತಿರುಗಿದಾಗೆಲ್ಲ ಬಿಸಿಲು ಹೊಡೆದು ಎಲೆಯ ಮೇಲೆ ಫಳ್ಳೆನ್ನುತ್ತಿತ್ತು. ಸಂಡಿಗೆಯನ್ನು ಕಾಗೆ ಮುಟ್ಟದಿರಲೆಂದು ಕಟ್ಟಿದ್ದು. ಅದರ ಮುಖ ನೋಡಿಯೇ ಗುರುತು ಹಿಡಿದೆ. ನಮ್ಮ ಕನ್ನಡದ ಸಿ.ಡಿ.

ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳುವುದೇ? ನಾನೇ? ಗೋಡೆಯ ಪಕ್ಕದಿಂದಲೇ ಸರಿದು ಹೋಗಿ, ದಾರ ಕಿತ್ತು, ಸಿ.ಡಿ.ಯನ್ನು ದುಪ್ಪಟ್ಟಾದ ಒಳಗೆ ಸೇರಿಸಿಕೊಂಡೆ. ಆ ಹೊತ್ತಿಗೆ ಪದ್ಮಕ್ಕ ದನಿ ಎತ್ತಿ ಹೇಳುತ್ತಿದ್ದರು, “ನಿಮ್ಮ ಟೈಪಿಂಗ್ ಖೋಲಿ ಟೈರಿನವಗ ಕೊಡಂಗಿಲ್ಲ. ಹುಲಿಗಿ ಕೈಯಾಗನ ಇರ್ಲಿ. ಇದು ನನ್ನ ಮಾತು.”

ಮೂರು ಕಾಗೆ ಒಟ್ಟಿಗೆ ಇಳಿದವು. ಒಂದು ಉಂಡೆಯನ್ನೇ ಎತ್ತಿಕೊಂಡು ಹೋಯಿತು.

ಪುರೋಹಿತರು “ನಾರಾಯಣ, ನಾರಾಯಣ” ಎಂದರು. ಗೋವಿಂದರಾಯರು ಕಣ್ಣೊರೆಸಿಕೊಂಡರು. “ಭಾವನವರ ಮನಸ್ಸು ಅಲ್ಲೇ ಇತ್ತು ನೋಡ್ರಿ. ನಾನು ಪಾಪಿ, ಟೈರು ಟೈರು ಅಂತ...” ಮೂರರ ಬಸ್ಸಿಗೆ ಹೊರಡುವಾಗ ಕೋಣೆಯ ಕೀಲಿಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, “ನೀನೇ ಏನು ಆ ಹುಡುಗಿ?” ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಎದುರಿಗೇ ಇದ್ದರಲ್ಲ, ಕಂಡಿತು.

ನಾಲ್ಕು ಗಂಟೆಗೆ ಹಸಿರು ಗೆರೆ ತುದಿ ಮುಟ್ಟಿತು. ಬಂದ್ ಆಗಿ ಚಾಲೂ ಆಯಿತು. ಮಲ್ಲೇಶಣ್ಣ ಫೋನಿನಲ್ಲಿ ಹೇಳಿದ ಹಾಗೆ ಎರಡು ಕಡೆ ಒತ್ತಿದೆ, ಕನ್ನಡ ಬಂತು. ಮೂವತ್ತು ದಿನದ್ದಲ್ಲ, ಪುಕ್ಕಟೆ, ಕಾಯಂ. ನಿಮಗೆ ಇದು ಗೊತ್ತಾಗದೆಯೇ ಹೋಯಿತಲ್ಲ. ಒತ್ತಕ್ಷರಗಳೆಲ್ಲ ಬೇರೆ ಬೇರೆ ಗುಂಡಿಗೆ ಹೋಗಿ ಕೂತಿವೆ, ಕಲಿಯುತ್ತಿದ್ದೇನೆ.

ಆದರೆ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಕಾಗೆ ಇಳಿದದ್ದು ನಿಮ್ಮಿಂದಲೋ, ಸಿ.ಡಿ. ಬಿಚ್ಚಿದ್ದರಿಂದಲೋ? ಮೋಸದಿಂದ ಸಿಕ್ಕಿದ ಕೋಣೆಯಲ್ಲಿ ನಾನು ಹೇಗೆ ಕೂರಲಿ? ಐದನೆಯ ದಿನ ಸಿ.ಡಿ.ಯನ್ನು ತೆಗೆದುಕೊಂಡು ಹೋಗಿ ಪದ್ಮಕ್ಕನ ಮುಂದಿಟ್ಟೆ. ಅವರು ಹೆಸರುಬೇಳೆ ಆರಿಸುತ್ತಿದ್ದರು. ಎಲ್ಲ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಉದ್ದ ಮಾತು ಆಡಿದ್ದಿಲ್ಲ. ಕೋಣೆ ಬಿಡು ಎಂದರೆ ಬಿಡುತ್ತೇನೆ ಎಂದೂ ಹೇಳಿದೆ.

ಅವರು ಮೊರದಿಂದ ತಲೆ ಎತ್ತಲಿಲ್ಲ.

“ಕಟ್ಟಿದಾಕಿ ನಾನು. ಬಿಚ್ಚಿದ್ದು ನನಗ ಕಾಣಂಗಿಲ್ಲೇನು? ಎಲ್ಲಾರೂ ಮ್ಯಾಲೆ ನೋಡ್ಲಿಕತ್ತಿದ್ರು, ನಾನು ನಿನ್ನನ್ನ ನೋಡ್ಲಿಕತ್ತಿದ್ದೆ. ನೀ ತಂತಿ ಹತ್ರ ಹೋಗೋತನಕ ಮಿಠಾಯಿ, ಗಯಾ, ಛತ್ರಿ ಅಂತ ಹೊತ್ತು ಕಳದೆ. ನೀ ದಾರಕ್ಕ ಕೈ ಹಾಕಿದ ಮ್ಯಾಲೆ ಟೈರಿನ ಮಾತು ತಗದೆ.”

ನಾನು ಸಿ.ಡಿ.ಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

“ನಮ್ಮಣ್ಣಗ ನಾ ಬ್ಯಾಡ ಅಂದ್ರ ಕೇಳಂಗಿಲ್ಲ. ಕಾಗಿ ಹೇಳಿದ್ರ ಕೇಳ್ತಾನ.” ಒಂದು ಕಲ್ಲು ಸಿಕ್ಕಿತು, ಎತ್ತಿ ಎಸೆದರು. ಆಮೇಲೆ ಗೋಡೆಯ ಮೇಲಿನ ನಿಮ್ಮ ಫೋಟೋದ ಕಡೆ ಗದ್ದ ತೋರಿಸಿ ದನಿ ತಗ್ಗಿಸಿದರು. “ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ಅವರ ಮುಂದಂತೂ ಬ್ಯಾಡೇ ಬ್ಯಾಡ. ಹೆಂಡ್ತಿ ಇಷ್ಟು ಶಾಣ್ಯಾಕಿ ಅಂತ ಅವರಿಗಿನ್ನೂ ಗೊತ್ತಿಲ್ಲ.”

ಯಾರ ಮುಂದೂ ಹೇಳುವುದಿಲ್ಲ ಆಚಾರ್ರೇ, ಮಾತು ಕೊಟ್ಟಿದ್ದೇನೆ. ನಿಮಗೂ ಹೇಳಿಲ್ಲ ಎಂದುಕೊಳ್ಳಿ.

ಇಂತಿ,
ಹುಲಿಗೆಮ್ಮ
ಟೈಪಿಂಗ್ ಖೋಲಿ, ಸಂಡೂರು